ಕೋರ್ಟಿಗೆ ಬಂದ ಲಾಳದ ಚೀಲ

1954ರಲ್ಲಿ ನಾನು ಲಿಂಗಸುಗೂರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಪೇಷ್ಕಾರನಾಗಿದ್ದೆ. ಪೇಷ್ಕಾರ ಎಂಬುದು ನಿಜಾಮರ ಕಾಲದ ಹೆಸರು, ಈಗಿನವರು ಬೆಂಚ್ ಕ್ಲರ್ಕ್ ಎನ್ನುತ್ತಾರೆ. ನ್ಯಾಯಾಧೀಶರ ಮೇಜಿನ ಪಕ್ಕ ಕುಳಿತು ಆ ದಿನದ ಪ್ರಕರಣಗಳನ್ನು ಒಂದೊಂದಾಗಿ ಮುಂದಿಡುವುದು, ಸಾಕ್ಷಿಗಳಿಂದ ಪ್ರಮಾಣ ಮಾಡಿಸುವುದು, ಕೋರ್ಟಿಗೆ ಹಾಜರಾದ ವಸ್ತುಗಳಿಗೆ ನಂಬರು ಕೊಡುವುದು, ಆದೇಶದ ನಕಲು ಸಿದ್ಧಪಡಿಸುವುದು ನನ್ನ ಕೆಲಸ. ವಾದ ನನ್ನದಲ್ಲ, ತೀರ್ಪು ನನ್ನದಲ್ಲ. ಆದ್ದರಿಂದ ಈ ಪ್ರಕರಣದಲ್ಲಿ ಕಣ್ಣಾರೆ ಕಂಡದ್ದನ್ನು ಕಂಡೆನೆಂದೂ, ಬೇರೆಯವರು ಹೇಳಿದ್ದನ್ನು ಕೇಳಿದೆನೆಂದೂ ಬೇರೆಬೇರೆಯಾಗಿಯೇ ಬರೆಯುತ್ತೇನೆ. ನಿಧಾನವಾಗಿ ಬರೆದರೆ ಮಾತ್ರ ಸರಿಯಾಗಿ ಬರೆದೇನು.

ಆಗ ನಮ್ಮ ಸೀಮೆಗೆ ಹೊಸ ಕಾನೂನುಗಳು ಬಂದು ಮೂರು ವರ್ಷವಾಗಿತ್ತಷ್ಟೆ. ಅವುಗಳಲ್ಲಿ ಕ್ರಿಮಿನಲ್ ಪ್ರೊಸೀಜರ್ ಕೋಡಿನ 488ನೆಯ ಕಲಂ ಒಂದು. ಹೆಂಡತಿಯನ್ನಾಗಲಿ, ತನ್ನನ್ನು ತಾನು ನೋಡಿಕೊಳ್ಳಲಾರದ ಮಗುವನ್ನಾಗಲಿ ಒಬ್ಬ ಗಂಡಸು ಕೈಬಿಟ್ಟರೆ, ತಿಂಗಳಿಗೆ ಇಷ್ಟು ಕೊಡು ಎಂದು ಮ್ಯಾಜಿಸ್ಟ್ರೇಟರು ಹುಕುಂ ಮಾಡಬಹುದು. ಕೊಡದಿದ್ದರೆ ವಾರಂಟು, ಆಗಲೂ ಕೊಡದಿದ್ದರೆ ಜೈಲು. ವಕೀಲರಿಲ್ಲದೆಯೂ ಅರ್ಜಿ ಹಾಕಬಹುದಿತ್ತು. ಹೀಗೊಂದು ಕಾನೂನು ಇದೆ ಎಂಬ ಸುದ್ದಿ ಹಳ್ಳಿಗಳಿಗೆ ಮೆಲ್ಲಮೆಲ್ಲನೆ ಮುಟ್ಟುತ್ತಿದ್ದ ಕಾಲ ಅದು.

ಮಸ್ಕಿಯ ಹುಸೇನಬಿ ಅರ್ಜಿ ಹಿಡಿದು ಬಂದಾಗ ಬಿಸಿಲು ಏರಿತ್ತು. ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು. ಸೊಂಟದ ಮೇಲೆ ರಾಬಿಯಾ ಎಂಬ ಮಗಳು, ಐದು ವರ್ಷದ್ದು. ಅಷ್ಟು ದೊಡ್ಡ ಮಗುವನ್ನು ಏಕೆ ಎತ್ತಿಕೊಂಡಿದ್ದಾಳೆ ಎಂದು ನೋಡಿದೆ. ಮಗುವಿನ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಅಂಗಳದ ಕಲ್ಲು ಸುಡುತ್ತಿತ್ತು.

ಅರ್ಜಿಯನ್ನು ಓದಿ ನಾನು ಕೇಳಿದೆ: "ಇದರಾಗ ಬರೇ ಮಗಳ ಹೆಸರು ಐತೆಲ್ಲವ್ವ. ನಿನಗೂ ಕೇಳಬೌದು. ಕಾನೂನು ಐತಿ."

"ನನಗ ಬ್ಯಾಡ್ರಿ ಪೇಷ್ಕಾರ್ ಸಾಬ್ರ. ನಾ ಕೂಲಿ ಮಾಡಿ ತಿಂತೀನಿ. ಇಕಿ ಆತನ ರಕ್ತ. ಇಕೀಗ ಹಾಕ್ರಿ."

ಅವಳ ಗಂಡ ಮೌಲಾಸಾಬ ನಾಲಬಂದ, ಅಂದರೆ ಎತ್ತುಗಳಿಗೆ ಲಾಳ ಬಡಿಯುವವನು. ಎತ್ತಿನ ಕಾಲುಗಳಿಗೆ ಹಗ್ಗ ಹಾಕಿ ಮಗ್ಗುಲಾಗಿ ಕೆಡವಿ, ನಾಲ್ಕೂ ಕಾಲು ಕೂಡಿಸಿ ಕಟ್ಟಿ, ಗೊರಸು ಕೆತ್ತಿ, ಹಳೆಯ ಲಾಳ ಕಿತ್ತು ಹೊಸದನ್ನು ಮೊಳೆ ಹೊಡೆದು ಕೂಡಿಸುವ ಕಸುಬು. ನಮ್ಮ ಕಡೆ ಪ್ರತಿ ಊರಿಗೂ ಅದರದೇ ನಾಲಬಂದನಿರುತ್ತಿದ್ದ. ಒಬ್ಬನ ಊರಿಗೆ ಇನ್ನೊಬ್ಬ ಹಗ್ಗ ಹಿಡಿದು ಹೋಗುತ್ತಿರಲಿಲ್ಲ. ಮಸ್ಕಿಯಲ್ಲಿ ಮೌಲಾಸಾಬನಿಗಿಂತ ಹಳಬರು ಇದ್ದರು, ಅವನ ಪಾಲಿಗೆ ಊರೇ ಉಳಿದಿರಲಿಲ್ಲ. ಅಷ್ಟರಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೆಲಸ ಸಿಂಧನೂರಿನ ಕಡೆ ಜೋರಾಯಿತು. ವಳಕಮದಿನ್ನಿಯ ಹತ್ತಿರ ಒಂದು ಕ್ಯಾಂಪು ಬಿತ್ತು. ಕಲ್ಲು ಹೊರುವ ಬಂಡಿಗಳೆಲ್ಲ ಒಬ್ಬನೇ ಗುತ್ತೇದಾರನವು. ಮೌಲಾಸಾಬ ಅಲ್ಲಿಗೆ ಹೋದ. ಮೊದಮೊದಲು ಮಸ್ಕಿಗೆ ಬರುತ್ತಿದ್ದ, ದುಡ್ಡು ಕೊಡುತ್ತಿದ್ದ. ಆಮೇಲೆ ಕ್ಯಾಂಪಿನಲ್ಲೇ ಇನ್ನೊಂದು ನಿಕಾಹ್ ಮಾಡಿಕೊಂಡ. ದುಡ್ಡು ನಿಂತು ಆಗಲೇ ಎರಡು ವರ್ಷವಾಗಿತ್ತು.

ಸಮನ್ಸು ಮುಟ್ಟಿ ಅವನು ಕೋರ್ಟಿಗೆ ಬಂದ. ದೊಡ್ಡ ಮೈಕಟ್ಟು, ಸಣ್ಣ ದನಿ. ಮ್ಯಾಜಿಸ್ಟ್ರೇಟರು ಹೈದರಾಬಾದಿನವರು, ಒಳ್ಳೆಯ ಮನುಷ್ಯ. ಅವರಿಗೆ ಕನ್ನಡ ತಿಳಿಯುತ್ತಿತ್ತು, ಆದರೆ ಎತ್ತು ಬಂಡಿಗಳ ಕನ್ನಡ ತಿಳಿಯುತ್ತಿರಲಿಲ್ಲ. ಅಂಥ ಕಡೆ ನಾನು ಉರ್ದುವಿನಲ್ಲಿ ಬಿಡಿಸಿ ಹೇಳುತ್ತಿದ್ದೆ.

"ನೀನು ಗುತ್ತೇದಾರನ ನೌಕರನೋ?" ಎಂದು ಕೇಳಿದರು.

"ಅಲ್ಲ ಸರಕಾರ. ನಾ ಯಾರ ನೌಕರನೂ ಅಲ್ಲ. ನನ್ನ ಹತೋಡಿ ನಂದು, ನನ್ನ ಹಗ್ಗ ನಂದು. ಎತ್ತು ಕೆಡವಿದ್ರ ರೊಕ್ಕ, ಇಲ್ಲಾಂದ್ರ ಇಲ್ಲ."

"ಹಾಗಾದರೆ ಬೇರೆಯವರ ಎತ್ತಿಗೂ ಲಾಳ ಹೊಡೆಯುತ್ತೀಯಾ?"

ಮೌಲಾಸಾಬ ತಲೆ ಅಲ್ಲಾಡಿಸಿದ. "ಬ್ಯಾರೇದವ್ರ ಎತ್ತು ಎಲ್ಲಿ ಬರ್ತಾವ ಸರಕಾರ? ಕ್ಯಾಂಪಿನಾಗ ಇರೋವೆಲ್ಲ ಅವರವ. ಊರಾಗ ಹೋದ್ರ ಊರ ನಾಲಬಂದ ಕಲ್ಲು ಒಗೀತಾನ."

ತೊಡಕು ಇಲ್ಲೇ ಇತ್ತು. ಅವನು ಸಂಬಳದ ಆಳಾಗಿದ್ದರೆ ಸಂಬಳ ಎಷ್ಟೆಂದು ಧಣಿಯನ್ನು ಕೇಳಿದರೆ ಮುಗಿಯುತ್ತಿತ್ತು. ಅಂಗಡಿಕಾರನಾಗಿದ್ದರೆ ಅಂಗಡಿ ನೋಡಬಹುದಿತ್ತು. ಇವನು ತನಗೆ ತಾನೇ ಒಡೆಯ, ಆದರೆ ಅವನಿಗೆ ಅನ್ನ ಬರುವ ಬಾಗಿಲು ಒಂದೇ. ಆ ಬಾಗಿಲಲ್ಲಿ ಎಷ್ಟು ಬರುತ್ತದೆಂದು ಕೇಳಿದರೆ ಅವನು ಕೊಟ್ಟ ಉತ್ತರ: "ತಿಂಗಳದಾಗ ನಾಕೈದು ಎತ್ತು ಸರಕಾರ. ನನ್ನ ಹೊಟ್ಟಿಗೇ ಸಾಲಂಗಿಲ್ಲ."

ಸಾಹೇಬರು ಗುತ್ತೇದಾರನಿಗೆ ಸಾಕ್ಷಿಯಾಗಿ ಬರಲು ಸಮನ್ಸು ಕಳಿಸಿದರು.

ಮುಂದಿನ ತಾರೀಖಿಗೆ ಗುತ್ತೇದಾರ ಸುಬ್ಬಯ್ಯ ಬಂದರು. ಆಂಧ್ರದ ಕಡೆಯವರು, ಐವತ್ತು ದಾಟಿದವರು. ಕ್ಯಾಂಪಿನ ಕೆಲಸ ಬಿಟ್ಟು ಬಂದಿದ್ದರಿಂದ ಅವರ ಹೇಳಿಕೆಯನ್ನೇ ಮೊದಲು ತೆಗೆದುಕೊಳ್ಳಲಾಯಿತು. ಅವರು ಕನ್ನಡ ಆಡುತ್ತಿದ್ದರು, ನಡುನಡುವೆ ತೆಲುಗು ಬರುತ್ತಿತ್ತು.

"ಈ ಮನುಷ್ಯ ನಿಮ್ಮ ಆಳೋ?"

"ನಮ್ಮ ಆಳಲ್ಲ ಬಾಬು. ಹಾಜರಿ ಇಲ್ಲ, ಸಂಬಳ ಇಲ್ಲ. ಎತ್ತಿನ ಲೆಕ್ಕ."

"ತಿಂಗಳಿಗೆ ಎಷ್ಟು ಎತ್ತು?"

ಗುತ್ತೇದಾರ ಮೌಲಾಸಾಬನ ಕಡೆ ನೋಡಿದರು. ನಾನು ಅದನ್ನು ನೋಡಿದೆ. "ಏನು, ನಾಕೋ ಐದೋ. ನಮ್ಮ ದಾರಿ ಮೆತ್ತಗಿನ ದಾರಿ, ಲಾಳ ಸವೆಯೋದಿಲ್ಲ" ಎಂದರು.

ಅದು ಸುಳ್ಳೆಂದು ನಮಗೆಲ್ಲ ಗೊತ್ತಾಯಿತು. ಕಲ್ಲಿನ ಬಂಡಿ ಎಳೆಯುವ ಎತ್ತುಗಳ ಲಾಳ ಸವೆಯುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಆದರೆ ಅದು ಕೆಟ್ಟತನದ ಸುಳ್ಳಲ್ಲ. ತನ್ನ ಕಸುಬುದಾರನ ಮೇಲೆ ದಂಡದ ಭಾರ ಬೀಳದಿರಲಿ ಎಂದು ಹೇಳಿದ್ದು. ಹೇಳಿಕೆ ಮುಗಿದ ಮೇಲೆ ಅವರು ಹೊರಡಬಹುದಿತ್ತು. ಸಿಂಧನೂರಿನ ಬಸ್ಸಿಗೆ ಹೊತ್ತಿತ್ತು, ಹೊರಗೆ ಬಿಸಿಲು. "ಕೂತಿರಿ, ನೆರಳಿದೆ" ಎಂದರು ಸಾಹೇಬರು. ಗುತ್ತೇದಾರ ಹಿಂದಿನ ಬೆಂಚಿನ ಮೇಲೆ ಕುಳಿತು ರುಮಾಲಿನಿಂದ ಗಾಳಿ ಹಾಕಿಕೊಳ್ಳತೊಡಗಿದರು.

ಆಮೇಲೆ ಹುಸೇನಬಿಯ ಸರದಿ. "ನಿನ್ನ ಗಂಡ ನಾಕೈದು ಎತ್ತು ಅನ್ನುತ್ತಾನೆ. ಗುತ್ತೇದಾರರೂ ಹಾಗೇ ಅನ್ನುತ್ತಾರೆ. ಹೆಚ್ಚು ಎನ್ನಲು ನಿನ್ನ ಹತ್ತಿರ ಪುರಾವೆ ಏನಿದೆ?" ಎಂದು ಸಾಹೇಬರು ಕೇಳಿದರು.

"ಪುರಾವೆ ಹೊರಗ ಐತ್ರಿ ಸರಕಾರ. ಒಬ್ಬಾಕಿ ಕೈಲೆ ಎತ್ತಾಕ ಆಗಂಗಿಲ್ಲ. ಇಬ್ರು ಜವಾನ್ರಿಗೆ ಹೇಳ್ರಿ."

ಇಬ್ಬರು ಜವಾನರು ಒಂದು ಗೋಣಿಚೀಲವನ್ನು ಎಳೆದು ತಂದರು. ಮಸ್ಕಿಯಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಿದ್ದಳಂತೆ. ಮೂಟೆಯ ಬಾಡಿಗೆ ಕೇಳಿದ ಕ್ಲೀನರನಿಗೆ, "ನನ್ನ ಮಗಳ ಟಿಕೀಟು ಕೇಳಲಿಲ್ಲ, ಇಕಿ ಅಪ್ಪನ ಟಿಕೀಟು ಕೇಳ್ತೀಯೇನೋ" ಎಂದಳಂತೆ. ಚೀಲವನ್ನು ಕಂಡ ಕೂಡಲೆ ಮೌಲಾಸಾಬ ಒಂದು ಹೆಜ್ಜೆ ಮುಂದೆ ಬಂದ.

"ಏ ಹುಸೇನಾ, ಬ್ಯಾಡ! ಬಾಯಿ ಬಿಚ್ಚಬ್ಯಾಡ ಅದನ್ನ!"

"ನೋಡ್ರಿ ಸರಕಾರ, ಹ್ಯಾಂಗ ಹೆದರ್‍ಯಾನ" ಎಂದಳು ಹುಸೇನಬಿ. ಅವಳ ದನಿಯಲ್ಲಿ ಗೆಲುವಿತ್ತು. ನಾನೂ ಹಾಗೇ ತಿಳಿದೆ, ಸಾಹೇಬರೂ ಹಾಗೇ ತಿಳಿದರು: ಗಳಿಕೆ ಬಯಲಾಗುತ್ತದೆ ಎಂದು ಅಂಜುತ್ತಿದ್ದಾನೆ ಎಂದು. ಅವನ ಕಣ್ಣು ಮಾತ್ರ ಸಾಹೇಬರ ಮೇಲಿರಲಿಲ್ಲ, ಹಿಂದಿನ ಬೆಂಚಿನ ಮೇಲಿತ್ತು.

ಅವಳು ಹಗ್ಗ ಬಿಚ್ಚಿ ಚೀಲವನ್ನು ಬುಡ ಎತ್ತಿ ಸುರಿದಳು. ಕೋರ್ಟಿನ ಹಾಸುಗಲ್ಲಿನ ಮೇಲೆ ಸವೆದ ಲಾಳಗಳು ಬಿದ್ದ ಸದ್ದಿಗೆ ರಾಬಿಯಾ ಕಿವಿ ಮುಚ್ಚಿಕೊಂಡಳು. ನೂರಾರು ಲಾಳಗಳು.

"ಮಸ್ಕ್ಯಾಗ ನಮ್ಮ ಮನಿ ಹಿಂದ ಒಂದು ಛಪ್ಪರ ಐತ್ರಿ. ಸಂತಿ ದಿನ ಬರ್ತಾನ, ಇದನ್ನ ಅಲ್ಲಿ ಸುರದು ಹೋಗ್ತಾನ. ನನ್ನ ಮಾರಿ ನೋಡಂಗಿಲ್ಲ, ಹುಡುಗಿ ಮಾರಿ ನೋಡಂಗಿಲ್ಲ. ಛಪ್ಪರದ ಕದ ಮಾತ್ರ ಎರಡು ಸರ್ತಿ ನೋಡ್ತಾನ, ಹಾಕ್ಯಾನೋ ಇಲ್ಲೋ ಅಂತ. ಹಳೇ ಲಾಳ ಕಿತ್ತಾನ ಅಂದ್ರ ಹೊಸಾದು ಬಡದಾನ ಅಂತ ಆತಲ್ರಿ? ಎಂಟು ಲಾಳಕ್ಕ ಒಂದು ಎತ್ತು. ನೀವ ನೋಡ್ರಿ, ನಾಕೈದು ಎತ್ತಿಂದೋ ಇದು?"

"ಎಂಟು? ಎತ್ತಿಗೆ ಕಾಲು ನಾಲ್ಕಲ್ಲವೇ?" ಎಂದರು ಸಾಹೇಬರು.

"ಎತ್ತಿನ ಗೊರಸು ಎರಡು ಹೋಳು ಸರಕಾರ, ಹೋಳಿಗೊಂದು. ಒಂದ ಲಾಳ ಕುದುರೀಗೆ. ನೀವು ಕುದುರಿ ಮ್ಯಾಲ ಕುಂದ್ರೋ ಮಂದಿ, ನಿಮಗ ಹ್ಯಾಂಗ ಗೊತ್ತಾಗಬೇಕು?"

ಕೋರ್ಟು ನಕ್ಕಿತು. ಸಾಹೇಬರೂ ನಕ್ಕರು. ಆ ಪ್ರಕರಣದಲ್ಲಿ ಯಾರಾದರೂ ನಕ್ಕದ್ದು ಅದೇ ಕೊನೆ.

ಗುತ್ತೇದಾರ ಎದ್ದು ಬಂದಿದ್ದರು. ಯಾರನ್ನೂ ಕೇಳಲಿಲ್ಲ. ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಒಂದು ಲಾಳ ಎತ್ತಿಕೊಂಡರು, ಮಗುಚಿ ನೋಡಿದರು, ಇನ್ನೊಂದನ್ನು ಎತ್ತಿಕೊಂಡರು.

"ಲೇ ಮೌಲಾ" ಎಂದರು, ತಲೆ ಎತ್ತದೆ. "ಇವೆಲ್ಲ ಎರೆಯಲ್ಲಿ ಬಿದ್ದು ಹೋದವು ಅಂದಿದ್ದೆಯಲ್ಲೋ."

ಮೌಲಾಸಾಬ ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ಈಗ ತಾನೆ ನಿನ್ನ ಸಲುವಾಗಿ ದೇವರ ಮೇಲೆ ಪ್ರಮಾಣ ಮಾಡಿ ಸುಳ್ಳು ಹೇಳಿದೆನಲ್ಲಯ್ಯಾ. ಇದೇ ಬಾಯಿಂದ."

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಊರುಗಳಲ್ಲಿ ಸವೆದ ಲಾಳ ನಾಲಬಂದನದೇ. ಎತ್ತಿನ ಒಡೆಯ ಅದನ್ನು ಕೇಳುವುದಿಲ್ಲ, ಅದು ಕಸುಬಿನವನ ಹಕ್ಕು. ಹುಸೇನಬಿ ಮುಕ್ಕುಂದದ ನಾಲಬಂದನ ಮಗಳು. ಅವಳ ತಂದೆಯ ಮನೆಯ ಹಿಂದೆಯೂ ಇಂಥ ರಾಶಿ ಇರುತ್ತಿತ್ತು, ರಾಶಿ ದೊಡ್ಡದಿದ್ದರೆ ಆ ವರ್ಷ ಕೆಲಸ ಚೆನ್ನಾಗಿದೆ ಎಂದು ನೆರೆಯವರು ಹೇಳುತ್ತಿದ್ದರಂತೆ. ಅವಳ ಪಾಲಿಗೆ ಲಾಳದ ರಾಶಿ ಎಂದರೆ ಅಷ್ಟೇ. ಆದರೆ ಕಾಲುವೆಯ ಕ್ಯಾಂಪಿನ ರಿವಾಜು ಬೇರೆ. ಆಗ ಕಬ್ಬಿಣಕ್ಕೆ ಪರ್ಮಿಟ್ಟು. ಸರಕಾರದಿಂದ ಬಂದ ಕಬ್ಬಿಣದ ಪಟ್ಟಿಯನ್ನು ಗುತ್ತೇದಾರರೇ ನಾಲಬಂದನಿಗೆ ಕೊಡುವುದು, ಕಿತ್ತ ಹಳೆಯ ಲಾಳವನ್ನು ಅವನು ತೂಕ ಮಾಡಿ ಹಿಂದಿರುಗಿಸುವುದು. ಕೊಡುವುದು ಹೊಸ ಕಬ್ಬಿಣ, ಹಿಂದಕ್ಕೆ ಪಡೆಯುವುದು ಹಳೆಯ ಕಬ್ಬಿಣ. ಸಿಂಧನೂರು ಕಡೆಯ ಎರೆಮಣ್ಣು ಹಸಿಯಾದಾಗ ಎತ್ತಿನ ಕಾಲಿನ ಲಾಳವನ್ನೇ ನುಂಗುತ್ತದೆ. ಆದ್ದರಿಂದ ಬಿದ್ದುಹೋಯಿತು ಎಂದು ಹೇಳಿದರೆ ಯಾರೂ ಅನುಮಾನಿಸುತ್ತಿರಲಿಲ್ಲ. ಬಿದ್ದುಹೋದವು ಎಂದು ಮೌಲಾಸಾಬ ಹೇಳಿದ ಲಾಳಗಳು ಈಗ ಕೋರ್ಟಿನ ನೆಲದ ಮೇಲಿದ್ದವು.

ಇದನ್ನೆಲ್ಲ ನಾನು ಸಾಹೇಬರಿಗೆ ಉರ್ದುವಿನಲ್ಲಿ ಹೇಳಿ ಮುಗಿಸುವ ಹೊತ್ತಿಗೆ ಹುಸೇನಬಿಯ ಮುಖ ಬೂದಿಯಾಗಿತ್ತು. ಅವಳಿಗೆ ಉರ್ದು ನನಗಿಂತ ಚೆನ್ನಾಗಿ ತಿಳಿಯುತ್ತಿತ್ತು.

"ಗುತ್ತೇದಾರ್ರ," ಎಂದಳು, "ಅದು ನಾಲಬಂದನ ಹಕ್ಕಲ್ರೀ? ನಮ್ಮಪ್ಪನ ಮನ್ಯಾಗ..."

"ನಿಮ್ಮಪ್ಪನ ಮನೆಯಲ್ಲಿ ಕಬ್ಬಿಣ ನಿಮ್ಮಪ್ಪಂದು, ಅಮ್ಮಾ. ಇದು ನಂದು."

ಕಳವಿನ ಫಿರ್ಯಾದಿ ಕೊಡುತ್ತೀರೇನೆಂದು ಸಾಹೇಬರು ಕೇಳಿದರು. ಗುತ್ತೇದಾರ ರುಮಾಲಿನಿಂದ ಕೈ ಒರೆಸಿಕೊಂಡರು. "ಬೇಡ. ಕೇಸು ಮಾಡೋದಿಲ್ಲ. ಇವತ್ತಿನಿಂದ ನನ್ನ ಎತ್ತಿನ ಹತ್ತಿರ ಬರಬಾರದು, ಅಷ್ಟೇ." ಹೊರಗೆ ಹೋಗುವಾಗ ಹುಸೇನಬಿಯ ಮುಂದೆ ನಿಂತು ಕೈ ಮುಗಿದರು. "ಒಳ್ಳೇದು ಮಾಡಿದೆ ತಾಯಿ. ನೀನು ತೋರಿಸದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ."

ಸಾಹೇಬರು ಆದೇಶ ಹೇಳಿ ಬರೆಸಿದರು. ಪ್ರತಿವಾದಿ ಒಬ್ಬನೇ ಧಣಿಯ ಕೆಲಸ ಮಾಡಿದರೂ ಅವನು ಸ್ವತಂತ್ರ ಕಸುಬುದಾರ. ಕಸುಬು ಅವನ ಕೈಯಲ್ಲಿದೆ. ಹಾಜರಾದ ಲಾಳಗಳನ್ನು ನೋಡಿದರೆ ಅವನ ಗಳಿಕೆ ಹೇಳಿದ್ದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಮಗುವಿನ ಪೋಷಣೆಗೆ ತಿಂಗಳಿಗೆ ಹದಿನೈದು ರೂಪಾಯಿ ಕೊಡತಕ್ಕದ್ದು. ಆಗ ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾ ಇನ್ನೂ ಪೂರ್ತಿ ಹೋಗಿರಲಿಲ್ಲವಾದ್ದರಿಂದ "ಕಲ್ದಾರ್" ಎಂದು ಸೇರಿಸಿ ಬರೆದೆ, ಹಿಂದೂಸ್ತಾನದ ರೂಪಾಯಿ ಎಂದು ಅರ್ಥ. ಕಾನೂನಿನ ಪ್ರಕಾರ ಆ ಆದೇಶದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಹುಸೇನಬಿ ಕೇಳಿದ್ದು ಹತ್ತು ರೂಪಾಯಿ. ಆದರೆ ನಾನು ಹದಿನೈದು ಎಂದು ಬರೆಯುತ್ತಿದ್ದಾಗ ಆ ಹದಿನೈದು ಬರಬೇಕಾದ ಬಾಗಿಲು ಮುಚ್ಚಿ ಅರ್ಧ ಗಂಟೆಯಾಗಿತ್ತು.

ವಾರದೊಳಗೆ ಗುತ್ತೇದಾರರ ಕಡೆಯಿಂದ ಅರ್ಜಿ ಬಂತು, ಕಬ್ಬಿಣ ವಾಪಸು ಕೊಡಿಸಬೇಕೆಂದು, ಪರ್ಮಿಟ್ಟಿನ ಸಮೇತ. ಚೀಲ ಅಷ್ಟರಲ್ಲಿ ಮುದ್ದೆಮಾಲಾಗಿ, ಅಂದರೆ ಪ್ರಕರಣದ ವಸ್ತುವಾಗಿ, ನನ್ನ ಕೋಣೆಯಲ್ಲಿತ್ತು. ಅದನ್ನು ಒಪ್ಪಿಸುವ ದಿನ ಹುಸೇನಬಿಗೂ ತಿಳಿವಳಿಕೆ ಕೊಡಬೇಕಿತ್ತು, ಅವಳೂ ಬಂದಿದ್ದಳು. ಕ್ಯಾಂಪಿನ ಆಳು ಚೀಲವನ್ನು ಒಯ್ಯಲು ಬಂದಾಗ ಕೇಳಿದಳು:

"ಇದರಾಗ ನನ್ನ ಹುಡುಗಿ ಪಾಲು ಒಂದೀಟೂ ಇಲ್ಲೇನ್ರಿ ಪೇಷ್ಕಾರ್ ಸಾಬ್ರ?"

"ಇಲ್ಲವ್ವ. ಇದು ಬರೇ ಪುರಾವೆ."

"ಪುರಾವೆ ನಂದಲ್ರಿ? ನಾ ತಂದದ್ದಲ್ರಿ?"

ನಾನು ರಸೀದಿಯ ಮೇಲೆ ಆಳಿನ ಹೆಬ್ಬೆಟ್ಟು ಹಾಕಿಸಿಕೊಂಡೆ.

ಮೊದಲನೆಯ ತಿಂಗಳು ಹಣ ಬರಲಿಲ್ಲ. ಎರಡನೆಯ ತಿಂಗಳೂ ಬರಲಿಲ್ಲ. ಹುಸೇನಬಿ ಪ್ರತಿ ತಿಂಗಳೂ ಮಸ್ಕಿಯಿಂದ ಬಂದು ಕೋರ್ಟಿನ ಕಟ್ಟೆಯ ಮೇಲೆ ಕುಳಿತು ಹೋಗುತ್ತಿದ್ದಳು. ವಾರಂಟಾಯಿತು. ಜಪ್ತಿಗೆ ಹೋದ ಪೊಲೀಸಿನವನು ಹತೋಡಿ, ಗೊರಸು ಕೆತ್ತುವ ಉಳಿ, ಹಗ್ಗ ಬಿಟ್ಟರೆ ಬೇರೇನೂ ಇಲ್ಲವೆಂದು ಬರೆದುಕೊಂಡು ಬಂದ. ಸಾಹೇಬರು ಒಂದು ತಿಂಗಳ ಸಾದಾ ಸಜೆ ಬರೆಸಿದರು. ಬರೆಸುವ ಮೊದಲು ಹುಸೇನಬಿಯನ್ನು ಕರೆಸಿ, "ಜೈಲಿಗೆ ಹೋದರೆ ಬುದ್ಧಿ ಬಂದು ಕೊಡಬಹುದು" ಎಂದರು.

"ಬುದ್ಧಿ ಬಂದ್ರ ಕೈಯಾಗ ರೊಕ್ಕ ಬರತೈತೇನ್ರಿ ಸರಕಾರ?" ಎಂದಳು. ಸಾಹೇಬರು ಹಣೆ ಒತ್ತಿಕೊಂಡರು. ಅವರ ಮುಂದೆ ಇದ್ದದ್ದು ಒಂದೇ ಕಲಂ.

ಒಂದು ನೋಟೀಸಿಗೆ ರುಜು ಹಾಕಿಸಲು ನಾನು ಸಬ್‌ಜೈಲಿಗೆ ಹೋಗಿದ್ದೆ. ಮೌಲಾಸಾಬ ಕಂಬಿಯ ಹಿಂದೆ ನೆಲದ ಮೇಲೆ ಕುಳಿತಿದ್ದ. ಹೆಬ್ಬೆಟ್ಟು ಒತ್ತಿ, ಮಸಿಯನ್ನು ಗೋಡೆಗೆ ಒರೆಸಿ, ತಾನಾಗಿಯೇ ಮಾತಾಡಿದ.

"ನೀವೂ ನಾ ಕಳ್ಳ ಅಂತೀರೇನ್ರಿ?"

"ನಾ ಏನೂ ಅನ್ನಂಗಿಲ್ಲಪ್ಪ."

"ಆ ಲಾಳ ಕಾಸಿ ಬಡದು ಹೊಸಾದು ಮಾಡಬೌದ್ರಿ. ಇನ್ನೊಂದೆರಡು ಚೀಲ ಆಗಿದ್ರ ಮಸ್ಕಿ ಸಂತ್ಯಾಗ ನಂದ ಒಂದು ಭಟ್ಟಿ ಹಾಕ್ತಿದ್ದೆ. ಸಂತಿ ಯಾವ ನಾಲಬಂದನ ಊರೂ ಅಲ್ಲ, ಅಲ್ಲಿ ಯಾರೂ ಕಲ್ಲು ಒಗಿಯಂಗಿಲ್ಲ. ಹತ್ತು ಊರಿನ ಎತ್ತು ಬರ್ತಾವ. ಆವಾಗ ಒಬ್ಬನ ಬಾಗಿಲಾಗ ಕುಂದ್ರೋದು ತಪ್ಪತಿತ್ತು. ಹುಡುಗಿಗೂ ಕೊಡ್ತಿದ್ದೆ, ಕ್ಯಾಂಪಿನಾಗ ಇರಾಕಿಗೂ ಹಾಕ್ತಿದ್ದೆ."

"ಇದನ್ನ ಹುಸೇನಬಿಗೆ ಮೊದಲ ಹೇಳಿದ್ರ ಆಗತಿತ್ತಲ್ಲೋ."

ಅವನು ಹೆಬ್ಬೆಟ್ಟಿನಲ್ಲಿ ಉಳಿದ ಮಸಿಯನ್ನು ಮತ್ತೆ ಗೋಡೆಗೆ ತಿಕ್ಕಿದ. "ಆಕಿ ಮಾರಿ ನೋಡಾಕ ಆಗತಿದ್ದಿಲ್ಲ ರೀ" ಎಂದ.

ಅವನು ಹೇಳಿದ್ದು ನಿಜವೋ, ಕಂಬಿಯ ಹಿಂದೆ ಹುಟ್ಟಿದ ಮಾತೋ ನನಗೆ ತಿಳಿಯದು. ಎರಡು ವರ್ಷ ಮಗಳಿಗೆ ಚಪ್ಪಲಿ ಕೊಡಿಸದವನ ಮಾತನ್ನು ಹಾಗೇ ನಂಬಲು ನನ್ನ ಮನಸ್ಸು ಒಪ್ಪಲಿಲ್ಲ, ಇವತ್ತೂ ಒಪ್ಪುವುದಿಲ್ಲ. ಆದರೆ ಛಪ್ಪರದಲ್ಲಿ ಅಷ್ಟು ಲಾಳ ಇದ್ದದ್ದು ನಿಜ, ಅಷ್ಟನ್ನು ಅವನು ಮಾರಿ ತಿಂದಿರಲಿಲ್ಲ ಎಂಬುದೂ ನಿಜ. ಕಂಡದ್ದನ್ನು ಹೇಳಿದ್ದೇನೆ.

ಜೈಲಿನಿಂದ ಹೊರಬರುವ ಹೊತ್ತಿಗೆ ಕ್ಯಾಂಪಿಗೆ ಬೇರೊಬ್ಬ ನಾಲಬಂದ ಬಂದಿದ್ದ. ಮಸ್ಕಿಯ ಸಂತೆಯಲ್ಲಿ ಮೌಲಾಸಾಬ ಹಗ್ಗ ಹಿಡಿದು ನಿಂತರೆ ಬಂಡಿಯವರು, "ಲೇ, ಎರ್‍ಯಾಗ ಲಾಳ ಬೆಳೆಯೋನು ಬಂದಾನ, ಎತ್ತಿನ ಕಾಲು ನೋಡ್ಕೋರಪ್ಪೋ" ಎಂದು ನಗುತ್ತಿದ್ದರಂತೆ. ಮೂರು ಸಂತೆ ನಿಂತನಂತೆ, ನಾಲ್ಕನೆಯದಕ್ಕೆ ಬರಲಿಲ್ಲ. ಎರಡನೆಯ ಹೆಂಡತಿಯನ್ನು ಕರೆದುಕೊಂಡು ಎಲ್ಲಿಗೋ ಹೋದ. ಕೆಲವರು ರಾಯಚೂರು ಎಂದರು, ಕೆಲವರು ಸೊಲ್ಲಾಪುರ ಎಂದರು. ಮುಂದಿನ ವಾರಂಟು "ಪತ್ತೆ ಇಲ್ಲ" ಎಂಬ ಷರಾದೊಂದಿಗೆ ಮರಳಿ ಬಂತು. ಅದರ ಮುಂದಿನದೂ ಹಾಗೇ.

ನಡುವೆ ಒಂದು ಸಲ ಹುಸೇನಬಿ ಕಟ್ಟೆಯ ಮೇಲೆ ಕುಳಿತು ನನಗೆ ಹೇಳಿದ್ದು ಇದು. ಗಂಡ ಜೈಲಿನಲ್ಲಿದ್ದಾಗ ಅವಳು ವಳಕಮದಿನ್ನಿಯ ಕ್ಯಾಂಪಿಗೆ ಹೋಗಿದ್ದಳು, ಅವನನ್ನು ಮತ್ತೆ ಕೆಲಸಕ್ಕೆ ಇಟ್ಟುಕೊಳ್ಳಿ ಎಂದು ಗುತ್ತೇದಾರರನ್ನು ಬೇಡಲಿಕ್ಕೆ.

"ಅವರು ಬೈಲಿಲ್ರಿ. ಕುಂದ್ರು ಅಂದ್ರು. ನೀರು ಕೊಡಿಸಿದ್ರು. ಅವನನ್ನ ಮಾತ್ರ ತಗೊಳ್ಳಂಗಿಲ್ಲ ಅಂದ್ರು. ಆಮ್ಯಾಲ ಎರಡು ರೂಪಾಯಿ ತಗದು, ಇನಾಮು ಅಂದ್ರು. ಕಳ್ಳನ್ನ ಹಿಡಕೊಟ್ಟಿದ್ದಕ್ಕಂತ."

"ಒಗದು ಬಂದ್ಯೇನು?"

"ಯಾಕ ಒಗೀಲ್ರಿ? ಹುಡುಗಿಗೆ ಜ್ವರ ಬಂದಿತ್ತು. ತಗೊಂಡೆ." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು: "ಆ ಕೇಸಿನಾಗ ನನ್ನ ಕೈಗೆ ಬಂದದ್ದು ಅಷ್ಟ ನೋಡ್ರಿ."

ಆಮೇಲೆ ಅವಳು ಬರುವುದು ನಿಂತಿತು.

1956ರ ನವೆಂಬರಿನಲ್ಲಿ ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಚಾಲ್ತಿಯಲ್ಲಿರುವ ಆದೇಶಗಳನ್ನೆಲ್ಲ ಹೊಸದಾಗಿ ಪಟ್ಟಿ ಮಾಡಬೇಕಾಯಿತು. ರಾಬಿಯಾಳ ಆದೇಶವನ್ನು ನನ್ನ ಕೈಯಿಂದಲೇ ಬರೆದೆ. ಅದಕ್ಕೆ ಏನೂ ಆಗಿರಲಿಲ್ಲ. ರಾಜ್ಯ ಹೋಯಿತು, ಸಿಕ್ಕಾ ಹೋಯಿತು, ಆ ಮನುಷ್ಯ ಹೋದ, ಹುಕುಂ ಮಾತ್ರ ಗಟ್ಟಿಯಾಗಿತ್ತು.

ಆ ದಿನಗಳಲ್ಲೇ ಕಚೇರಿ ಕೆಲಸಕ್ಕೆ ಸಿಂಧನೂರಿಗೆ ಹೋಗಿ ಬಸ್ಸಿನಲ್ಲಿ ಮರಳುತ್ತಿದ್ದೆ. ಕಾಲುವೆಯ ಕೆಲಸ ನಡೆದ ಕಡೆ ಕಲ್ಲು ಬಂಡಿಗಳ ಸಾಲು ಅಡ್ಡ ಬಂದು ಬಸ್ಸು ನಿಂತಿತು. ಏರಿಯ ಮೇಲೆ ಹೆಂಗಸರು ಮಣ್ಣಿನ ಬುಟ್ಟಿ ಹೊತ್ತು ಹತ್ತುತ್ತಿದ್ದರು. ಒಬ್ಬಳು ಬುಟ್ಟಿ ಇಳಿಸಿ ಬಸ್ಸಿನ ಕಿಟಕಿಗೆ ಬಂದಳು. ಗುರುತು ಹಿಡಿಯಲು ನನಗೆ ಹೊತ್ತು ಬೇಕಾಯಿತು. ಗುತ್ತೇದಾರರು ಕೂಲಿ ಕೊಟ್ಟಿದ್ದರಂತೆ. ಸ್ವಲ್ಪ ದೂರದಲ್ಲಿ ರಾಬಿಯಾ ಕೊಡ ಹಿಡಿದು ಕೂಲಿಯವರಿಗೆ ನೀರು ಕೊಡುತ್ತಿದ್ದಳು. ಕಾಲಲ್ಲಿ ಆಗಲೂ ಏನೂ ಇರಲಿಲ್ಲ.

"ಆರಾಮ ಇದೀರೇನ್ರಿ ಪೇಷ್ಕಾರ್ ಸಾಬ್ರ? ಇಕಿ ಹುಕುಂ ಇನ್ನೂ ಚಾಲೂ ಐತೇನ್ರಿ?"

"ಐತವ್ವ."

"ಐತೇನು?" ಎಂದು ಮಗಳ ಕಡೆ ನೋಡಿದಳು. "ಇರಲಿ ಬಿಡ್ರಿ. ಕೋರ್ಟಿನಾಗಾದ್ರೂ ಆಕೀಗ ತಿಂಗಳಾ ಹದಿನೈದು ರೂಪಾಯಿ ಬರಾಕತ್ತಾವ."

ಬಂಡಿಗಳು ಸರಿದವು. ರಸ್ತೆಯ ಕಲ್ಲಿನ ಮೇಲೆ ಎತ್ತುಗಳ ಲಾಳ ಕಟಕಟ ಎನ್ನುತ್ತಿತ್ತು. ಅವಳು ಬುಟ್ಟಿ ಎತ್ತಿಕೊಳ್ಳುವಾಗ ಆ ಸದ್ದಿನ ಕಡೆ ತಿರುಗಿ, ಹಿಂದಿನ ಎತ್ತಿನ ಕಾಲನ್ನು ಒಂದು ಗಳಿಗೆ ನೋಡಿದಳು. ನಾಲಬಂದನ ಮಗಳ ಕಣ್ಣು. ಬಸ್ಸು ಹೊರಟಿತು.

ಆ ಮೇಲೆ ನಾನು ಎಷ್ಟೋ ಕೋರ್ಟುಗಳಲ್ಲಿ ಕೆಲಸ ಮಾಡಿ ನಿವೃತ್ತನಾದೆ. ಜೀವನಾಂಶದ ಪ್ರಕರಣಗಳು ನೂರಾರು ಬಂದವು. ಗಂಡನಿಗೆ ಎಷ್ಟು ಗಳಿಕೆ ಎಂದು ಕೋರ್ಟು ಕೇಳುತ್ತದೆ, ಕೇಳಲೇಬೇಕು. ಆ ಗಳಿಕೆ ಯಾರ ಕೈಯಿಂದ ಬರುತ್ತದೆ, ಆ ಕೈ ಎಷ್ಟು ಸಣ್ಣ ಕಾರಣಕ್ಕೆ ಮುಚ್ಚಿಕೊಳ್ಳುತ್ತದೆ ಎಂದು ಕೇಳಲು ಯಾವ ಕಲಮೂ ಇಲ್ಲ. ಕಸುಬು ತನ್ನದೇ ಆಗಿ ಗಿರಾಕಿ ಒಬ್ಬನೇ ಆದವನನ್ನು ನಮ್ಮ ಕಾಗದಗಳು ಸ್ವತಂತ್ರ ಎಂದು ಕರೆಯುತ್ತವೆ. ಅಂಥವನ ಮೇಲೆ ಬರೆದ ಆದೇಶ ಅವನ ಮೇಲೆ ನಿಲ್ಲುವುದಿಲ್ಲ, ಅವನ ಗಿರಾಕಿಯ ಮರ್ಜಿಯ ಮೇಲೆ ನಿಲ್ಲುತ್ತದೆ. ನೌಕರಿ ನನಗೆ ಕಲಿಸಿದ್ದು ಇದು.

ಅಂದಿನಿಂದ ಎರಡು ರೂಢಿ ಮಾಡಿಕೊಂಡೆ. ಹೇಳಿಕೆ ಮುಗಿದ ಧಣಿಗಳನ್ನು, ಬಿಸಿಲಿರಲಿ ಮಳೆಯಿರಲಿ, ಕೋರ್ಟಿನ ಗೇಟಿನವರೆಗೆ ಕಳಿಸಿ ಬರುತ್ತಿದ್ದೆ. ಮತ್ತೆ, ಯಾವ ಹೆಣ್ಣುಮಗಳು ಪುರಾವೆಯ ಗಂಟು ಹಿಡಿದು ಬಂದರೂ ಅದನ್ನು ಬಿಚ್ಚುವ ಮೊದಲು ವರಾಂಡದಲ್ಲಿ ಮೆಲ್ಲಗೆ ಕೇಳುತ್ತಿದ್ದೆ: "ಇದನ್ನ ಯಾರ್‍ಯಾರು ನೋಡ್ತಾರ ಗೊತ್ತೈತೇನವ್ವ?" ಕೆಲವರು ಗಂಟನ್ನು ಹಾಗೇ ಹಿಂದಕ್ಕೆ ಒಯ್ದರು. ಪೇಷ್ಕಾರ ಹಾಗೆ ಕೇಳಬೇಕೆಂದು ಎಲ್ಲೂ ಬರೆದಿಲ್ಲ, ಕೇಳಬಾರದೆಂದೂ ಬರೆದಿಲ್ಲ.

ಹುಸೇನಬಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ.